ಕೆಂಪು ಕಲ್ಲಿನ ಪೂರ್ವಕಥೆ

ಬೀದರಿನ ಕೋಟೆಯನ್ನು ನೋಡಬಂದವರ ಕಣ್ಣಿಗೆ ಮೊದಲು ಬೀಳುವುದು ಅಲ್ಲಿನ ನೆಲದ ಕೆಂಪು. ನಗರವಿರುವುದೇ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಅಲ್ಲಿಂದ ಇಳಿದು ಭಾಲ್ಕಿಗೋ ಔರಾದಿಗೋ ಹೊರಟರೆ ಕಪ್ಪು ಎರೆಭೂಮಿಯು ಎದುರಾಗುತ್ತದೆ. ಬಣ್ಣ ಬೇರೆಯಾದರೂ ಎರಡಕ್ಕೂ ಮೂಲವು ಒಂದೇ: ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾರಸವಾಗಿ ಹರಿದು ಗಟ್ಟಿಯಾದ ದಖ್ಖನಿನ ಕಪ್ಪು ಶಿಲೆ. ಮಳೆನೀರು ದೀರ್ಘಕಾಲ ಆ ಶಿಲೆಯ ಸಿಲಿಕಾಂಶವನ್ನು ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳನ್ನು ಉಳಿಸಿದಲ್ಲಿ ಜಂಬಿಟ್ಟಿಗೆಯು ಉಂಟಾಯಿತು. ಕಬ್ಬಿಣವು ಆಮ್ಲಜನಕದೊಡನೆ ಕೂಡಿದುದರಿಂದಲೇ ಅದಕ್ಕೆ ಆ ಕೆಂಪು.

ಆದರೆ ಆ ಕಬ್ಬಿಣವೂ ಆಮ್ಲಜನಕವೂ ಎಲ್ಲಿಂದ ಬಂದುವು? ಭೂಮಿಯು ಅವನ್ನು ಸೃಷ್ಟಿಸಲಿಲ್ಲ. ಸುಮಾರು 460 ಕೋಟಿ ವರ್ಷಗಳ ಹಿಂದೆ ಸೂರ್ಯನೂ ಗ್ರಹಗಳೂ ಯಾವ ಅನಿಲಮೇಘದಿಂದ ರೂಪುಗೊಂಡುವೋ ಆ ಮೇಘದಲ್ಲಿಯೇ ಅವು ಇದ್ದುವು. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ. ಅದರ ಆರಂಭದಲ್ಲಿ ಜಲಜನಕ, ಹೀಲಿಯಂ ಮತ್ತು ಅತ್ಯಲ್ಪ ಲಿಥಿಯಂ ಹೊರತು ಬೇರೆ ಧಾತುಗಳು ಇರಲಿಲ್ಲವೆಂದೇ ಹೇಳಬಹುದು. ಉಳಿದ ಧಾತುಗಳಲ್ಲಿ ಬಹುತೇಕ ಎಲ್ಲವನ್ನೂ ನಕ್ಷತ್ರಗಳೇ ಸಿದ್ಧಪಡಿಸಿದುವೆಂಬುದನ್ನು ಬರ್ಬಿಜ್ ದಂಪತಿಗಳು, ಫೌಲರ್ ಮತ್ತು ಹಾಯ್ಲ್ 1957ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸವಿಸ್ತಾರವಾಗಿ ಪ್ರತಿಪಾದಿಸಿದರು.

ಇಲ್ಲಿ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಗಮನಿಸಬೇಕು. ಜಂಬಿಟ್ಟಿಗೆಯಲ್ಲಿ ಜೊತೆಗೂಡಿರುವ ಆ ಎರಡು ಧಾತುಗಳು ಒಂದೇ ವೇಗದಲ್ಲಿ ಹುಟ್ಟಿದವಲ್ಲ. ಆಮ್ಲಜನಕವನ್ನು ಕೊಡುವುದು ಸೂರ್ಯನ ಎಂಟು ಮಡಿಗೂ ಮೀರಿದ ಭಾರೀ ನಕ್ಷತ್ರಗಳು. ಅವು ಬೇಗ ಉರಿದು, ಕೆಲವು ಕೋಟಿ ವರ್ಷಗಳೊಳಗೇ ಸೂಪರ್‌ನೋವಾ ಎಂಬ ಆಸ್ಫೋಟನದಲ್ಲಿ ಸಿಡಿಯುತ್ತವೆ. ಕಬ್ಬಿಣದ ಬಹಳಷ್ಟು ಭಾಗವಾದರೋ ಶ್ವೇತಕುಬ್ಜಗಳೆಂಬ ಮುದಿ ನಕ್ಷತ್ರಗಳ ಸ್ಫೋಟದಿಂದ ಬರುವಂಥದು. ಅದಕ್ಕೆ ನೂರಾರು ಕೋಟಿ ವರ್ಷಗಳೂ ಹಿಡಿಯಬಹುದು. ಆದುದರಿಂದ ಇವೆರಡರ ಪ್ರಮಾಣವು ಒಂದು ಗಡಿಯಾರವಿದ್ದಂತೆ. ಸುಮಾರು 1000 ಕೋಟಿ ವರ್ಷಗಳ ಹಿಂದಿನ ಗೆಲಾಕ್ಸಿಗಳನ್ನು ಪರೀಕ್ಷಿಸಿದಾಗ, ಆಮ್ಲಜನಕಕ್ಕೆ ಹೋಲಿಸಿದರೆ ಅವುಗಳಲ್ಲಿ ಕಬ್ಬಿಣವು ಸೂರ್ಯನಲ್ಲಿರುವುದಕ್ಕಿಂತ ಕಡಿಮೆಯೆಂದು ಕಂಡುಬಂದಿದೆ. ಕಬ್ಬಿಣದ ಗಳಿಗೆ ಅಲ್ಲಿ ಇನ್ನೂ ಕೂಡಿಬಂದಿರಲಿಲ್ಲ.

ಅಷ್ಟು ದೂರದ ವಸ್ತುವಿನ ಘಟಕಗಳನ್ನು ತಿಳಿಯುವುದೆಂತು? ಪ್ರತಿಯೊಂದು ಧಾತುವೂ ತನಗೆ ನಿಯತವಾದ ಬಣ್ಣಗಳನ್ನು ಮಾತ್ರ ಸೂಸುತ್ತದೆ. ಬೆಳಕನ್ನು ರೋಹಿತವಾಗಿ ಬಿಡಿಸಿ ಆ ಗೆರೆಗಳನ್ನು ಅಳೆದರೆ ಧಾತುವಿನ ಹೆಸರೂ ಪ್ರಮಾಣವೂ ತಿಳಿಯುತ್ತವೆ. ಚಿಲಿ ದೇಶದ ಆಲ್ಮಾ ರೇಡಿಯೋ ದೂರದರ್ಶಕವು, ವಿಶ್ವಕ್ಕೆ 30 ಕೋಟಿ ವರ್ಷವೂ ತುಂಬದಿದ್ದಾಗ ಇದ್ದ ಒಂದು ಗೆಲಾಕ್ಸಿಯಲ್ಲಿ ಆಮ್ಲಜನಕದ ಗೆರೆಯನ್ನು ಗುರುತಿಸಿತೆಂದು 2025ರಲ್ಲಿ ವರದಿಯಾಯಿತು. ಅಲ್ಲಿನ ಭಾರಧಾತುಗಳು ನಿರೀಕ್ಷೆಗಿಂತ ಸುಮಾರು ಹತ್ತು ಪಟ್ಟು ಹೆಚ್ಚಾಗಿದ್ದುವು. ನಕ್ಷತ್ರಗಳು ನಾವು ಎಣಿಸಿದುದಕ್ಕಿಂತ ಬೇಗನೆ ಹುಟ್ಟಿ, ಬೇಗನೆ ಸತ್ತಿರಬೇಕು.

ನಕ್ಷತ್ರಗಳಿಗೆ ಕಚ್ಚಾವಸ್ತು ಅನಿಲ. ಅದನ್ನು ಅಳೆಯುವ ಕೆಲಸದಲ್ಲಿ ನಮ್ಮ ನೆರೆನಾಡಿನ ಪಾಲೂ ಇದೆ. ಪುಣೆ ಜಿಲ್ಲೆಯ ನಾರಾಯಣಗಾಂವ್ ಬಳಿ 45 ಮೀಟರ್ ವ್ಯಾಸದ 30 ಬೋಗುಣಿಗಳುಳ್ಳ ಬೃಹತ್ ರೇಡಿಯೋ ದೂರದರ್ಶಕವಿದೆ. ಜಲಜನಕದ ಪರಮಾಣು 21 ಸೆಂಟಿಮೀಟರ್ ಉದ್ದದ ಅಲೆಯನ್ನು ಹೊಮ್ಮಿಸುತ್ತದೆ. ವಿಶ್ವವು ಹಿಗ್ಗುತ್ತಿರುವುದರಿಂದ ಬಹುದೂರದ ಗೆಲಾಕ್ಸಿಯಿಂದ ಬರುವ ಅಲೆ ನಮ್ಮನ್ನು ಸೇರುವಾಗ ಸುಮಾರು ಇಮ್ಮಡಿ ಉದ್ದವಾಗಿರುತ್ತದೆ. ಒಂದೊಂದು ಗೆಲಾಕ್ಸಿಯ ಅಲೆಯೂ ಅತಿ ಕ್ಷೀಣ. ಆದುದರಿಂದ ಆದಿತ್ಯ ಚೌಧುರಿ, ನಿಸ್ಸಿಮ್ ಕಣೇಕರ್, ಜಯರಾಮ್ ಚೆಂಗಲೂರ್ ಮತ್ತು ಅವರ ಸಂಗಡಿಗರು 7653 ಗೆಲಾಕ್ಸಿಗಳ ಸಂಕೇತಗಳನ್ನು ಒಟ್ಟುಗೂಡಿಸಿದರು. 2020ರಲ್ಲಿ ಪ್ರಕಟವಾದ ಅವರ ಫಲಿತಾಂಶವಿದು: ಸುಮಾರು 800 ಕೋಟಿ ವರ್ಷಗಳ ಹಿಂದೆ ಗೆಲಾಕ್ಸಿಗಳಲ್ಲಿ ಅನಿಲವು ಹೇರಳವಾಗಿತ್ತು, ಆದರೆ ನಕ್ಷತ್ರಗಳು ಹುಟ್ಟುತ್ತಿದ್ದ ವೇಗಕ್ಕೆ ಅದು 100ರಿಂದ 200 ಕೋಟಿ ವರ್ಷಗಳಿಗೆ ಮಾತ್ರ ಸಾಲುವಷ್ಟಿತ್ತು. ಹೊರಗಿನಿಂದ ಹೊಸ ಅನಿಲವು ಸಾಕಷ್ಟು ಒದಗದೆ ಹೋದುದೇ ಮುಂದೆ ನಕ್ಷತ್ರಗಳ ಜನನ ತಗ್ಗಲು ಕಾರಣವಾಗಿರಬೇಕೆಂದು ಅವರು ತರ್ಕಿಸಿದರು.

ಹುಟ್ಟಿದ ಧಾತುಗಳೆಲ್ಲ ಹುಟ್ಟಿದ ಮನೆಯಲ್ಲಿಯೇ ಉಳಿಯುವುದಿಲ್ಲ. ಸ್ಫೋಟಗಳ ರಭಸಕ್ಕೆ ಅನಿಲವು ಗಾಳಿಯಂತೆ ಹೊರಬೀಳುತ್ತದೆ. ಗುರುತ್ವ ಕಡಿಮೆಯಿರುವ ಸಣ್ಣ ಗೆಲಾಕ್ಸಿಗಳು ಅದನ್ನು ತಡೆಹಿಡಿಯಲಾರವು. ಅವು ಭಾರಧಾತುಗಳಲ್ಲಿ ಬಡವಾಗಿರಲು ಇದೂ ಒಂದು ಕಾರಣ. ನಮ್ಮ ಆಕಾಶಗಂಗೆಯು ದೊಡ್ಡದು. ಗಳಿಸಿದುದನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ಆ ಉಳಿತಾಯದಿಂದಲೇ ಭೂಮಿಗೆ ಕಬ್ಬಿಣವೂ, ಬಿದರಿ ಕುಶಲಕರ್ಮಿಗೆ ಸತು, ತಾಮ್ರ, ಬೆಳ್ಳಿಗಳೂ ದೊರೆತುವು.

ಮುಂದೆ ಬೀದರಿಗೆ ಹೋದಾಗ ಜಂಬಿಟ್ಟಿಗೆಯ ಚೂರೊಂದನ್ನು ಕೈಯಲ್ಲಿ ಹಿಡಿದು ನೋಡಿರಿ. ಮಳೆ ಅದಕ್ಕೆ ರೂಪ ಕೊಟ್ಟಿತು. ಲಾವಾ ಅದಕ್ಕೆ ಒಡಲನ್ನು ಕೊಟ್ಟಿತು. ಅದರ ಕೆಂಪನ್ನು ಕೊಟ್ಟುದು ಮಾತ್ರ, ಸೂರ್ಯನು ಹುಟ್ಟುವ ಮುನ್ನವೇ ಅಳಿದುಹೋದ ನಕ್ಷತ್ರಗಳು.