ಮನೆ ಹಾಲಿನ ಪನೀರ್: ದಿನಾ ತಿಂದರೆ ಯಾರಿಗೆ ಲಾಭ, ಯಾರಿಗೆ ಎಚ್ಚರ?



ಈ ವಾರ ಬೆಳೆಯ ವಿಷಯ ಬಿಟ್ಟು ತಟ್ಟೆಯ ವಿಷಯ. ನಮ್ಮ ಮನೆಯಲ್ಲಿ ಎರಡು ಹಸು ಇವೆ. ಹಾಲೆಲ್ಲ ಡೈರಿಗೆ, ಮನೆಗೆ ಉಳಿಯೋದು ಕಾಫಿಗೆ, ಮಜ್ಜಿಗೆಗೆ ಆಗುವಷ್ಟು. ಹೋದ ವರ್ಷ ಅಮ್ಮ ಜ್ವರದಿಂದ ಎದ್ದು ತಿಂಗಳಾದರೂ ಕೈಕಾಲಿಗೆ ಶಕ್ತಿ ಬರಲಿಲ್ಲ. ಡಾಕ್ಟರು ಮೊದಲು ಕೇಳಿದ್ದು, "ಏನ್ ಊಟ ಮಾಡ್ತೀರಮ್ಮ?" ಅಂತ. ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ನಾವು ಮೊಟ್ಟೆ, ಮಾಂಸ ತಿನ್ನೋರಲ್ಲ. "ಪ್ರೋಟೀನ್ ಸಾಲ್ತಿಲ್ಲ" ಅಂದ್ರು. ಹಸುವಿಗೆ ಹಿಂಡಿ ಎಷ್ಟು ಹಾಕಬೇಕು ಅಂತ ಲೆಕ್ಕ ಇಡುವ ನನಗೆ ಅಮ್ಮನ ತಟ್ಟೆಯ ಲೆಕ್ಕ ಗೊತ್ತಿರಲಿಲ್ಲ.

ಅವತ್ತಿನಿಂದ ದಿನಾ ಒಂದು ಲೀಟರ್ ಹಾಲು ನಿಲ್ಲಿಸಿ ಪನೀರ್ ಮಾಡತೊಡಗಿದೆ. "ಹಾಲು ಮಾರಿದ್ರೆ ದುಡ್ಡು ಬರತ್ತೆ, ತಿಂದ್ರೆ ಏನ್ ಬರತ್ತೋ?" ಅಂತ ಅಮ್ಮನೇ ತಕರಾರು ತೆಗೆದರು.

ಏನು ಬರುತ್ತೆ?

100 ಗ್ರಾಂ ಪನೀರ್‌ನಲ್ಲಿ ಸುಮಾರು 18 ಗ್ರಾಂ ಪ್ರೋಟೀನ್ ಇರುತ್ತೆ. ನಮ್ಮ ದೇಶದ ಪೌಷ್ಟಿಕಾಂಶ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಅಂದರೆ 50 ಕೆ.ಜಿ. ತೂಗುವವರಿಗೆ ಸುಮಾರು 42 ಗ್ರಾಂ. 50 ಗ್ರಾಂ ಪನೀರ್ ತಿಂದರೆ ಅದರಲ್ಲಿ ಐದನೇ ಒಂದು ಭಾಗ ಸಿಕ್ಕಿತು.

ಇನ್ನೊಂದು ಮಾತು. ರಾಗಿಯಲ್ಲಿ ಸುಣ್ಣದಂಶ ಚೆನ್ನಾಗಿದೆ, ಆದರೆ ಪ್ರೋಟೀನ್ ಕಡಿಮೆ. ಅದರಲ್ಲೂ ಲೈಸಿನ್ ಅನ್ನೋ ಅಂಶ ಸಾಲದು. ಹಾಲಿನ ಪ್ರೋಟೀನ್‌ನಲ್ಲಿ ಅದು ಧಾರಾಳ. ಹಾಗಾಗಿ ಮುದ್ದೆ, ಪನೀರ್ ಒಂದಕ್ಕೊಂದು ಜೋಡಿ. ಸಸ್ಯಾಹಾರಿಗಳಿಗೆ ಸಿಗೋದು ಕಷ್ಟವಾದ ಬಿ12 ಕೂಡ ಸ್ವಲ್ಪ ಸಿಗುತ್ತೆ. ಹಾಲಿನ ಸಕ್ಕರೆಯ ಬಹುಭಾಗ ಒಡೆದ ನೀರಿನಲ್ಲೇ ಹೋಗುವುದರಿಂದ, ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಅನೇಕರಿಗೆ ಪನೀರ್ ಒಗ್ಗುತ್ತೆ.

ಪನೀರ್‌ನಲ್ಲಿ ಇಲ್ಲದ್ದೂ ಇದೆ. ನಾರಿನಂಶ ಇಲ್ಲ, ಕಬ್ಬಿಣದಂಶ ಇಲ್ಲವೆನ್ನುವಷ್ಟು ಕಡಿಮೆ. ಸೊಪ್ಪು, ಕಾಳಿನ ಜಾಗಕ್ಕೆ ಅದನ್ನು ತರಬೇಡಿ, ಜೊತೆಗೆ ಇಡಿ.

ನಾನು ಮಾಡಿದ ತಪ್ಪು

ಎರಡು ತಿಂಗಳಲ್ಲಿ ಅಮ್ಮ ಮತ್ತೆ ಕೊಟ್ಟಿಗೆ ಕೆಲಸಕ್ಕೆ ಇಳಿದರು. ಪನೀರ್ ಒಂದರಿಂದಲೇ ಅಂತ ಹೇಳಲಾರೆ. ಕಾಳು ಹೆಚ್ಚಿಸಿದ್ದೆವು, ವಿಶ್ರಾಂತಿಯೂ ಸಿಕ್ಕಿತ್ತು. ಆ ಹುರುಪಲ್ಲಿ ಅಪ್ಪನಿಗೂ ದಿನಾ ತಟ್ಟೆ ತುಂಬ ಹಾಕಿದೆ. ಅವರಿಗೆ ವರ್ಷಗಳಿಂದ ಬಿಪಿ. ಮುಂದಿನ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಜಾಸ್ತಿ ಬಂತು. ಪನೀರ್‌ನಿಂದ ಕಿಡ್ನಿ ಕೆಟ್ಟಿದ್ದಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದರು. ಆದರೆ ಮೊದಲೇ ಸೋತ ಕಿಡ್ನಿಗೆ ಹೆಚ್ಚಿನ ಪ್ರೋಟೀನ್, ರಂಜಕ ಎರಡೂ ಹೊರೆ. ಕೇಳದೆ ಕೊಟ್ಟಿದ್ದು ನನ್ನ ತಪ್ಪು. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿ ಅಂತ ಊರಿಗೆಲ್ಲ ಹೇಳೋನು ನಾನೇ!

ಎಚ್ಚರ ಬೇಕಾದವರು

• ಕಿಡ್ನಿ ತೊಂದರೆ ಇರುವವರು: ಎಷ್ಟು ತಿನ್ನಬೇಕು ಅಂತ ಡಾಕ್ಟರನ್ನೇ ಕೇಳಿ.
• ಕೊಲೆಸ್ಟ್ರಾಲ್, ಹೃದಯದ ತೊಂದರೆ ಇರುವವರು: ಗಟ್ಟಿ ಹಾಲಿನ ಪನೀರ್‌ನಲ್ಲಿ 100 ಗ್ರಾಂಗೆ ಸುಮಾರು 20 ಗ್ರಾಂ ಕೊಬ್ಬು, ಹೆಚ್ಚಿನಂಶ ಸ್ಯಾಚುರೇಟೆಡ್. ಕೆನೆ ತೆಗೆದ ಹಾಲಲ್ಲಿ ಮಾಡಿ, ಎಣ್ಣೆಯಲ್ಲಿ ಕರಿಯಬೇಡಿ.
• ರಕ್ತಹೀನತೆ ಇರುವವರು: ಸುಣ್ಣದಂಶ ಕಬ್ಬಿಣದ ಹೀರುವಿಕೆಗೆ ಅಡ್ಡಿ ಮಾಡುತ್ತೆ. ಕಬ್ಬಿಣದ ಮಾತ್ರೆ ಒಂದು ಹೊತ್ತು, ಪನೀರ್ ಇನ್ನೊಂದು ಹೊತ್ತು.
• ಥೈರಾಯ್ಡ್ ಮಾತ್ರೆ ನುಂಗುವವರು: ಸುಮಾರು 4 ಗಂಟೆ ಅಂತರ ಬಿಡಿ.
• ಹಾಲಿನ ಅಲರ್ಜಿ ಇರುವವರು: ಮುಟ್ಟಲೇಬೇಡಿ.

ಮಾಡುವ ಕ್ರಮ

ಒಂದು ಲೀಟರ್ ಹಸುವಿನ ಹಾಲು ಚೆನ್ನಾಗಿ ಉಕ್ಕಲಿ. ಹಸಿ ಹಾಲಿನಿಂದ ಬ್ರುಸೆಲ್ಲಾದಂಥ ರೋಗ ಬರುವುದರಿಂದ ಕುದಿಸದೆ ಮಾಡಲೇಬೇಡಿ. ಒಲೆ ಆರಿಸಿ, ಎರಡು ನಿಮಿಷ ಬಿಟ್ಟು, ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ ಸ್ವಲ್ಪ ಸ್ವಲ್ಪವೇ ಹಾಕಿ ಕದಡಿ. ನೀರು ತಿಳಿಯಾದ ಕೂಡಲೇ ನಿಲ್ಲಿಸಿ, ಬಟ್ಟೆಯಲ್ಲಿ ಸೋಸಿ, ತಣ್ಣೀರಲ್ಲಿ ತೊಳೆದು, ಅರ್ಧ ಗಂಟೆ ಭಾರ ಇಡಿ. ಸುಮಾರು 150 ಗ್ರಾಂ ಸಿಗುತ್ತೆ: ಮೂರು ಜನರಿಗೆ ತಲಾ 50. ಎಮ್ಮೆ ಹಾಲಾದರೆ ಇನ್ನೂ ಜಾಸ್ತಿ. ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ತಿಳಿನೀರು ಚೆಲ್ಲಬೇಡಿ, ಚಪಾತಿ ಹಿಟ್ಟಿಗೆ, ಸಾರಿಗೆ ಬಳಸಿ.

ಕೆಚ್ಚಲು ಬಾವಿಗೆ ಆ್ಯಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಡೈರಿಗೂ ಹಾಕಬೇಡಿ, ಪನೀರ್‌ಗೂ ಬೇಡ. ಅಂಗಡಿಯಲ್ಲಿ ಕೊಳ್ಳುವವರು ಪೊಟ್ಟಣ ಓದಿ. 'ಅನಲಾಗ್' ಅಂತಿದ್ದರೆ ಅದು ತಾಳೆ ಎಣ್ಣೆಯಂಥ ಬೇರೆ ಕೊಬ್ಬು ಸೇರಿಸಿ ಮಾಡಿದ್ದು. ಬೇಯಿಸಿ ಆರಿಸಿದ ಚೂರಿನ ಮೇಲೆ ಟಿಂಕ್ಚರ್ ಅಯೋಡಿನ್ ಹನಿ ಬಿಟ್ಟಾಗ ಕಡುನೀಲಿ ಆದರೆ ಪಿಷ್ಟ ಬೆರೆಸಿದ್ದಾರೆ ಅಂತ ಅರ್ಥ. ಆ ಚೂರನ್ನು ತಿನ್ನಬೇಡಿ.

ಈಗ ನಮ್ಮ ಮನೆಯಲ್ಲಿ ಅಮ್ಮನಿಗೆ 50 ಗ್ರಾಂ. ಅಪ್ಪನಿಗೆ ಡಾಕ್ಟರು ಹೇಳಿದಂತೆ ವಾರಕ್ಕೊಮ್ಮೆ ಎರಡು ಚೂರು. ಡೈರಿ ಪುಸ್ತಕದಲ್ಲಿ ದಿನಾ ಒಂದು ಲೀಟರ್ ಕಡಿಮೆ ಬರೀತಾರೆ. ಅದನ್ನ ನಷ್ಟ ಅಂತ ನಾನು ಲೆಕ್ಕ ಹಾಕೋದು ಬಿಟ್ಟಿದ್ದೀನಿ. ನಿಮ್ಮ ಮನೆಯಲ್ಲೂ ಹಾಲಿನ ಕ್ಯಾನು ಹೊರಡೋ ಮೊದಲು ಒಂದು ಪಾತ್ರೆ ಒಳಗೆ ಎತ್ತಿಡಿ.