ಸ್ಕೇಟಿಂಗ್ ಕಲಿಯುವ ಮಕ್ಕಳು: ಮಣಿಕಟ್ಟು ಜೋಪಾನ

ಈದ್ ರಜೆಗೋ ಬೇಸಿಗೆ ರಜೆಗೋ ಬೆಂಗಳೂರಿನಿಂದ ಶಿವನಿ ಸ್ಟೇಷನ್ನಿಗೆ ಬಂದಿಳಿಯುವ ಮಕ್ಕಳ ಬ್ಯಾಗಿನಲ್ಲಿ ಈಗ ಸ್ಕೇಟ್ಸ್ ಇದ್ದರೆ ಆಶ್ಚರ್ಯವಿಲ್ಲ. ಅದನ್ನು ನೋಡಿದ ಊರಿನ ಮಕ್ಕಳಿಗೂ ಆಸೆಯಾಗುತ್ತದೆ. ಮೂರು ನಾಲ್ಕು ಚಕ್ರಗಳು ಒಂದೇ ಸಾಲಿನಲ್ಲಿರುವ ಈ ಬೂಟುಗಳಿಗೆ ಇನ್‌ಲೈನ್ ಸ್ಕೇಟ್ಸ್ ಎನ್ನುತ್ತಾರೆ. 1980ರ ಸುಮಾರಿಗೆ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಓಲ್ಸನ್ ಸಹೋದರರು ಇವನ್ನು ಜನಪ್ರಿಯಗೊಳಿಸಿದರು. ಆ ದೇಶದ ನಗರಗಳ ಅಂಚಿನಲ್ಲಿ ವಾಹನಗಳಿಗೆ ಪ್ರವೇಶವಿಲ್ಲದ, ಮೈಲುಗಟ್ಟಲೆ ಉದ್ದದ ನುಣುಪು ದಾರಿಗಳಿವೆ. ಸ್ಕೇಟಿಂಗ್ ಬೆಳೆದದ್ದು ಅಂಥ ದಾರಿಗಳಲ್ಲಿ.

ನಮ್ಮಲ್ಲಿ ಬೆಳಗಾವಿಯ ಮಕ್ಕಳಿಗೆ ಕೆಎಲ್‌ಇ ಸಂಸ್ಥೆಯ ರಿಂಕ್ ಇದೆ. ಬೆಂಗಳೂರಿನವರಿಗೆ ಭಾನುವಾರ ವಾಹನಗಳಿಲ್ಲದ ಕಬ್ಬನ್ ಪಾರ್ಕ್ ರಸ್ತೆಗಳಿವೆ. ಶಿವನಿಯಂಥ ಊರಿನಲ್ಲಿ ಏನಿದೆ? ಟಾರು ರಸ್ತೆ ಇದೆ, ಆದರೆ ಅದರ ಮೇಲೆ ಬಸ್ಸು, ಟ್ರ್ಯಾಕ್ಟರ್, ಬೈಕು ಎಲ್ಲವೂ ಓಡಾಡುತ್ತವೆ. ರಾಗಿ ಕೊಯ್ಲಿನ ಕಾಲದಲ್ಲಿ ಒಕ್ಕಣೆಗೆಂದು ಕಡೂರು, ತರೀಕೆರೆ ಕಡೆ ರಸ್ತೆಯ ಮೇಲೇ ರಾಗಿ ಹುಲ್ಲು ಹರಡುವುದೂ ಉಂಟು. ಸ್ಕೇಟಿನ ಚಕ್ರಕ್ಕೆ ಒಂದು ಕಡಲೆಗಾತ್ರದ ಜಲ್ಲಿ ಸಿಕ್ಕರೂ ಸಾಕು, ಚಕ್ರ ನಿಲ್ಲುತ್ತದೆ, ಮಗು ಮುಂದಕ್ಕೆ ಹೋಗುತ್ತದೆ. ಆದ್ದರಿಂದ ರಸ್ತೆ ಬೇಡವೇ ಬೇಡ. ಊರೊಳಗಿನ ಕಾಂಕ್ರೀಟ್ ಬೀದಿಯೂ ಕಲಿಯುವವರಿಗೆ ಒಳ್ಳೆಯದಲ್ಲ, ಅಲ್ಲಿನ ತುಂಡು ತುಂಡು ಜಾಯಿಂಟ್‌ಗಳಲ್ಲಿ ಚಕ್ರ ಸಿಕ್ಕಿಕೊಳ್ಳುತ್ತದೆ.

ನನ್ನ ಅಭಿಪ್ರಾಯದಲ್ಲಿ ನಮ್ಮ ಸೀಮೆಗೆ ಒದಗುವ ಜಾಗ ಅಡಿಕೆ ಒಣಗಿಸುವ ಸಿಮೆಂಟ್ ಕಣ. ಕೊಯ್ಲು ಮುಗಿದ ಮೇಲೆ, ಬೇಸಿಗೆ ರಜೆಯ ಹೊತ್ತಿಗೆ, ಅದು ಹೆಚ್ಚಾಗಿ ಖಾಲಿ ಬಿದ್ದಿರುತ್ತದೆ. ಯಜಮಾನರನ್ನು ಕೇಳಿ ಒಪ್ಪಿಗೆ ಪಡೆಯಿರಿ. ಮೊದಲು ಪೊರಕೆಯಿಂದ ಚೆನ್ನಾಗಿ ಗುಡಿಸಿ, ಬಿರುಕುಗಳೆಲ್ಲಿವೆ ಎಂದು ಮಗುವಿನ ಜೊತೆ ನಡೆದು ನೋಡಿ. ಕಣದ ಅಂಚಿನಲ್ಲಿ ಕಟ್ಟೆಯೋ ಇಳಿಜಾರೋ ಇದ್ದರೆ ಎರಡು ಗಜ ಈಚೆಗೇ ಸುಣ್ಣದಲ್ಲಿ ಗೆರೆ ಎಳೆಯಿರಿ. ಇಬ್ಬನಿ ಬಿದ್ದ ಬೆಳಿಗ್ಗೆ, ಮಳೆ ಬಂದ ಸಂಜೆ ಆಟ ಬೇಡ.

ಈಗ ಮುಖ್ಯ ವಿಷಯಕ್ಕೆ ಬರೋಣ. ಬೀಳುವಾಗ ಮನುಷ್ಯ ತನಗರಿವಿಲ್ಲದೆ ಕೈ ಚಾಚುತ್ತಾನೆ. ಮೈಭಾರವೆಲ್ಲ ಅಂಗೈಯ ಬುಡದ ಮೇಲೆ ಬೀಳುತ್ತದೆ. ಹಾಗಾಗಿ ಇನ್‌ಲೈನ್ ಸ್ಕೇಟಿಂಗ್‌ನಲ್ಲಿ ಅತಿ ಹೆಚ್ಚು ಪೆಟ್ಟಾಗುವುದು ಕಾಲಿಗಲ್ಲ, ಮಣಿಕಟ್ಟಿಗೆ. ಮಕ್ಕಳಲ್ಲಿ ಮೂಳೆ ಬೆಳೆಯುವ ಮೃದುವಾದ ಭಾಗ ಅಲ್ಲೇ ಹತ್ತಿರದಲ್ಲಿರುವುದರಿಂದ ಆ ಮುರಿತವನ್ನು ಹಗುರವಾಗಿ ಕಾಣುವಂತಿಲ್ಲ. ಸರಿಯಾಗಿ ಕೂಡದಿದ್ದರೆ ಕೈ ಸೊಟ್ಟಗಾಗಬಹುದು, ಬೆಳವಣಿಗೆ ಕುಂಠಿತವಾಗಬಹುದು.

ಆದ್ದರಿಂದ ಸ್ಕೇಟ್ಸ್ ಕೊಳ್ಳುವ ದುಡ್ಡಿನಲ್ಲೇ ಮಣಿಕಟ್ಟಿನ ಗಾರ್ಡ್ ಕೂಡ ಬರಬೇಕು. ಅಂಗೈ ಕಡೆ ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಇರುವ ಗಾರ್ಡ್ ಆಗಲಿ. ಬಿದ್ದಾಗ ಆ ಪಟ್ಟಿ ನೆಲದ ಮೇಲೆ ಜಾರಿ ಪೆಟ್ಟನ್ನು ಹಂಚಿಬಿಡುತ್ತದೆ. ಬರೀ ಬಟ್ಟೆಯ ಕೈಚೀಲದಿಂದ ಪ್ರಯೋಜನವಿಲ್ಲ. ಇದರ ಜೊತೆಗೆ ಹೆಲ್ಮೆಟ್, ಮೊಣಕೈ ಮತ್ತು ಮೊಣಕಾಲಿನ ಪ್ಯಾಡ್ ಬೇಕು. ದುಡ್ಡು ಸಾಲದಿದ್ದರೆ ಸ್ಕೇಟ್ಸ್ ಒಂದು ತಿಂಗಳು ತಡವಾಗಲಿ.

ಸ್ಕೇಟ್ಸ್ ಕೊಳ್ಳುವಾಗ, "ಬೆಳೆಯುವ ಹುಡುಗ" ಎಂದು ಎರಡು ಸೈಜ್ ದೊಡ್ಡದು ತರಬೇಡಿ. ಒಳಗೆ ಹಿಮ್ಮಡಿ ಅಲುಗಾಡಿದರೆ ಕಣಕಾಲು ಹೊರಳುತ್ತದೆ. ಗುಂಡಿ ಒತ್ತಿ ಉದ್ದ ಹೆಚ್ಚಿಸಬಹುದಾದ ಬೂಟುಗಳು ಸಿಗುತ್ತವೆ, ಅವೇ ಸಾಕು. ಚಕ್ರದ ಮೇಲೆ 72 ಮಿ.ಮೀ., 82ಎ ಎಂಬಂತೆ ಬರೆದಿರುತ್ತದೆ. ಎರಡನೆಯದು ಗಡಸುತನದ ಅಳತೆ. ಒರಟು ಸಿಮೆಂಟಿಗೆ 78ರಿಂದ 85ರೊಳಗಿನ ಮೆತ್ತನೆಯ ಚಕ್ರ ಹಿತ. ಆಟಿಕೆ ಅಂಗಡಿಯ ಗಡಸು ಪ್ಲಾಸ್ಟಿಕ್ ಚಕ್ರ ಜಾರುತ್ತದೆ.

ಮೊದಲ ದಿನ ಓಡುವುದನ್ನು ಕಲಿಸಬೇಡಿ, ಬೀಳುವುದನ್ನು ಕಲಿಸಿ. ಹುಲ್ಲಿನ ಮೇಲೋ ಹಳೆಯ ಹಾಸಿಗೆಯ ಮೇಲೋ ಗಾರ್ಡ್‌ಗಳೆಲ್ಲ ತೊಡಿಸಿ ನಿಲ್ಲಿಸಿ. ಆಯ ತಪ್ಪಿತು ಅನ್ನಿಸಿದೊಡನೆ ಮಂಡಿ ಮಡಚಿ ಕುಕ್ಕರಿಸಲಿ, ಎರಡೂ ಕೈ ಮೊಣಕಾಲಿನ ಮೇಲಿರಲಿ. ಅರ್ಧ ಬೀಳುವಿಕೆ ಅಲ್ಲೇ ತಪ್ಪುತ್ತದೆ. ಬಿದ್ದೇ ಬೀಳುವುದಾದರೆ ಮುಂದಕ್ಕೆ ಬೀಳಲಿ: ಮೊದಲು ಮೊಣಕಾಲು, ಆಮೇಲೆ ಮೊಣಕೈ, ಕೊನೆಗೆ ಬೆರಳುಗಳನ್ನು ಮೇಲೆತ್ತಿದ ಅಂಗೈ. ಹಿಂದಕ್ಕೆ ಬಿದ್ದರೆ ಬಾಲದ ಮೂಳೆಗೂ ತಲೆಗೂ ಅಪಾಯ. ಬಳಿಕ ನಿಲ್ಲಿಸುವುದನ್ನು ಕಲಿಯಬೇಕು. ಸಾಮಾನ್ಯವಾಗಿ ಬಲಗಾಲಿನ ಹಿಮ್ಮಡಿಯಲ್ಲಿ ರಬ್ಬರ್ ಬ್ರೇಕ್ ಇರುತ್ತದೆ. ಆ ಕಾಲನ್ನು ಮುಂದಿಟ್ಟು ತುದಿಯನ್ನು ಎತ್ತಿದರೆ ಅದು ನೆಲಕ್ಕೆ ಒತ್ತುತ್ತದೆ. ಗೆರೆಯ ಮುಂದೆ ಹತ್ತು ಸಲ ಸರಿಯಾಗಿ ನಿಂತ ಮಗುವಿಗೆ ಮಾತ್ರ ವೇಗಕ್ಕೆ ಅನುಮತಿ.

ಇಷ್ಟು ಗೊಡವೆ ಏಕೆ ಎನ್ನಬೇಡಿ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊಬೈಲ್ ಹಿಡಿದು ಕೂತ ಮಗುವಿಗೆ ಇದೊಂದು ಒಳ್ಳೆಯ ದಾರಿ. ಹೆಣ್ಣುಮಕ್ಕಳಿಗೂ ಇದು ಅಷ್ಟೇ ಬೇಕು, ಮೂಳೆ ಗಟ್ಟಿಯಾಗುವ ವಯಸ್ಸು ಅದೇ. 2023ರ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನ 3000 ಮೀಟರ್ ಸ್ಕೇಟಿಂಗ್ ರಿಲೇಯಲ್ಲಿ ಭಾರತದ ಹುಡುಗರಂತೆ ಹುಡುಗಿಯರೂ ಕಂಚು ತಂದರು. ಉಡುಪಿನ ವಿಷಯದಲ್ಲಿ ಒಂದೇ ಎಚ್ಚರ: ನೇತಾಡುವ ದುಪಟ್ಟಾ, ನೆಲ ಮುಟ್ಟುವ ಅಂಚು ಚಕ್ರಕ್ಕೆ ಸಿಕ್ಕುತ್ತವೆ. ಕಣಕಾಲಿನಲ್ಲಿ ಬಿಗಿಯಾದ ಸಲ್ವಾರ್, ಮೊಣಕಾಲಿಗಿಂತ ತುಸು ಕೆಳಗೆ ನಿಲ್ಲುವ ಸಡಿಲ ಕುರ್ತಾ, ಪಿನ್ನಿಲ್ಲದೆ ತಲೆಗೆ ಅಂಟುವ ತೆಳುವಾದ ಹಿಜಾಬ್, ಅದರ ಮೇಲೆ ಹೆಲ್ಮೆಟ್ ತೊಟ್ಟರೆ ಯಾವ ತೊಡಕೂ ಇಲ್ಲ.

ಬಿದ್ದ ಮೇಲೆ ಮಣಿಕಟ್ಟು ಊದಿಕೊಂಡರೆ, ಆಕಾರ ಬದಲಾದರೆ, ಬೆರಳು ಮಡಚಲಾಗದಿದ್ದರೆ ಎಣ್ಣೆ ಹಾಕಿ ನೀವಬೇಡಿ, ಎಳೆಯಬೇಡಿ. ರಟ್ಟನ್ನೋ ಮಡಚಿದ ಪತ್ರಿಕೆಯನ್ನೋ ಕೈಯಡಿ ಇಟ್ಟು ಸಡಿಲವಾಗಿ ಬಟ್ಟೆ ಸುತ್ತಿ, ಜೋಲಿ ಹಾಕಿ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ನಮ್ಮ ಹಳ್ಳಿಗಳಲ್ಲಿ ಬಿದಿರು ಪಟ್ಟಿಯಿಟ್ಟು ಬಿಗಿಯಾಗಿ ಕಟ್ಟಿಸುವ ರೂಢಿ ಇನ್ನೂ ಇದೆ. ಊತ ಏರುವಾಗ ಆ ಕಟ್ಟು ರಕ್ತದ ಓಟವನ್ನೇ ನಿಲ್ಲಿಸಬಲ್ಲದು. ಕಟ್ಟು ಯಾರದ್ದೇ ಆಗಲಿ, ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ನೋವು ಗಂಟೆಗಂಟೆಗೂ ಹೆಚ್ಚಾದರೆ ಬೆಳಗಾಗಲೆಂದು ಕಾಯಬೇಡಿ. ಬಟ್ಟೆಯ ಕಟ್ಟನ್ನು ಕೂಡಲೇ ಸಡಿಲಿಸಿ. ಪ್ಲಾಸ್ಟರ್ ಆಗಿದ್ದರೆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ತಡವಾದರೆ ಕೈಯನ್ನೇ ಕಳೆದುಕೊಳ್ಳಬೇಕಾದೀತು. ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ಪ್ರಜ್ಞೆ ತಪ್ಪುವುದು ಕಂಡರೆ 108ಕ್ಕೆ ಕರೆ ಮಾಡಿ.

ತರಚು ಗಾಯವನ್ನು ಹರಿಯುವ ನೀರು, ಸಾಬೂನಿನಿಂದ ತೊಳೆಯಿರಿ. ಅರಿಶಿನ, ಕಾಫಿಪುಡಿ ಮೆತ್ತಬೇಡಿ. ಟಿಟಿ ಚುಚ್ಚುಮದ್ದು ಯಾವಾಗ ಆಗಿತ್ತೆಂದು ವೈದ್ಯರಿಗೆ ತಿಳಿಸಿ. ಪ್ಲಾಸ್ಟರ್ ಇರುವಾಗ ಅದನ್ನು ಒದ್ದೆ ಮಾಡಬಾರದು. ಗಾಯಾಳುಗಳಿಗೆ ವುಝೂವಿನಲ್ಲಿ ರಿಯಾಯಿತಿ ಇದೆ, ಕ್ರಮವನ್ನು ನಿಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಿ.

ಇನ್ನು ಬೂಟಿನ ಶುಚಿ. ಅಸರ್‌ಗೆ ವುಝೂ ಮಾಡಿದ ಒದ್ದೆ ಕಾಲಿಗೇ ಕಾಲುಚೀಲ ಏರಿಸಿ ಆಟಕ್ಕೆ ಓಡುವ ಮಕ್ಕಳಿದ್ದಾರೆ. ತೇವ, ಬೆವರು, ಬಿಗಿ ಬೂಟು ಮೂರೂ ಸೇರಿದರೆ ಬೆರಳ ಸಂದಿಯಲ್ಲಿ ಶಿಲೀಂಧ್ರ ಬೆಳೆದು ತುರಿಕೆ ಹತ್ತುತ್ತದೆ. ಸಂದಿಗಳನ್ನು ಒಣ ಬಟ್ಟೆಯಿಂದ ಒರೆಸಿ ಒಗೆದ ಹತ್ತಿ ಚೀಲ ಹಾಕಿಸಿ. ಆಟ ಮುಗಿದೊಡನೆ ಬೂಟಿನ ಬಕಲ್ ಬಿಚ್ಚಿ, ಒಳಪದರ ಹೊರತೆಗೆಯುವಂತಿದ್ದರೆ ತೆಗೆದು ನೆರಳಿನಲ್ಲಿ ಗಾಳಿಗಿಡಿ. ಒಬ್ಬರ ಬೂಟನ್ನು ನಾಲ್ಕು ಮಕ್ಕಳು ಹಂಚಿಕೊಳ್ಳುವುದಾದರೆ ಪ್ರತಿಯೊಬ್ಬರಿಗೂ ಬೇರೆ ಕಾಲುಚೀಲ ಇರಲಿ. ಚಕ್ರವನ್ನು ನೀರಿನಲ್ಲಿ ಅದ್ದಬೇಡಿ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಒಣ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು.