ಓಡುವ ಕಾಲಿಗೆ ಕಲಿತ ಕೈ ಜೊತೆಯಾಗಲಿ

ಕಾಮಗೆರೆಯ ಹುಡುಗರೇ, ಹೆಣ್ಣುಮಕ್ಕಳೇ,

ಅಪಘಾತ, ಅನಾಹುತ ಅಂದರೆ ಮೊದಲು ತಲುಪುವಂಥ ಒಂದು ತಂಡ ಕಟ್ಟಬೇಕೆಂದು ನೀವು ಮಾತಾಡಿಕೊಳ್ಳುತ್ತಿದ್ದೀರಿ ಎಂದು ಕೇಳಿ ಜೀವಕ್ಕೆ ಹಿತವಾಯಿತು. ತಂಡಕ್ಕೆ ಯಾವ ಹೆಸರಿಡೋಣ, ಟೀ ಶರ್ಟಿಗೆ ಯಾವ ಬಣ್ಣ ಎಂದು ಕೂರುವ ಮೊದಲು ನನ್ನ ನಾಲ್ಕು ಮಾತು ಕೇಳಿಸಿಕೊಳ್ಳಿ. ಕೂಗು ಬಿದ್ದ ಕಡೆಗೆ ಓಡುವ ಗುಣ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಓಡಿ ತಲುಪಿದ ಮೇಲೆ ಕೈ ಏನು ಮಾಡಬೇಕು ಎಂಬುದನ್ನು ಮಾತ್ರ ಕಲಿಯಲೇಬೇಕು.

2018ರ ಡಿಸೆಂಬರ್ 14, ಶುಕ್ರವಾರ. ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರದ ಶಂಕುಸ್ಥಾಪನೆಗೆ ಬಂದವರು ಪ್ರಸಾದ ತಿಂದರು. ಅದರಲ್ಲಿ ಕೀಟನಾಶಕ ಬೆರೆತಿತ್ತು. 17 ಜನ ತೀರಿಕೊಂಡರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅವರಲ್ಲಿ ಹಲವರನ್ನು ಮೊದಲು ಇಳಿಸಿದ್ದು ನಮ್ಮೂರ ಹೋಲಿ ಕ್ರಾಸ್ ಆಸ್ಪತ್ರೆಯಲ್ಲಿ. ಇಲ್ಲಿಂದ, ಕೊಳ್ಳೇಗಾಲದಿಂದ ಅವರನ್ನು ಮೈಸೂರಿಗೆ ಸಾಗಿಸಿ, ವೆಂಟಿಲೇಟರ್ ಇದ್ದ ಬೇರೆ ಬೇರೆ ಆಸ್ಪತ್ರೆಗಳಿಗೆ ಹಂಚಬೇಕಾಯಿತು. ಸುಳ್ವಾಡಿಯಿಂದ ಮೈಸೂರು ನೂರು ಕಿಲೋಮೀಟರಿಗೂ ದೂರ.

ಆ ದಿನವನ್ನು ನೆನಪಿಸುವುದು ನಿಮ್ಮನ್ನು ಹೆದರಿಸುವುದಕ್ಕಲ್ಲ. ಅವತ್ತಿನ ವಿಷ ಮೊನೊಕ್ರೊಟೊಫಾಸ್, ಹೊಲಗಳಿಗೆ ಹೊಡೆಯುತ್ತಿದ್ದ ಔಷಧಿಯೇ. ಅಂಥದ್ದು ಒಳಗೆ ಹೋದರೆ ಬಾಯಲ್ಲಿ ಜೊಲ್ಲು ಸುರಿಯುತ್ತದೆ, ವಾಂತಿ ಭೇದಿ ಶುರುವಾಗುತ್ತದೆ, ಮೈಯೆಲ್ಲ ಬೆವರುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಆಮೇಲೆ ಉಸಿರಾಟವೇ ಸೋಲುತ್ತದೆ. ಅಟ್ರೋಪಿನ್ ಕೊಡುವುದು, ಉಸಿರಿಗೆ ಯಂತ್ರ ಹಾಕುವುದು ಡಾಕ್ಟರ ಕೆಲಸ. ಆದರೆ ಎಚ್ಚರ ತಪ್ಪಿದವನನ್ನು ಅಂಗಾತ ಮಲಗಿಸಿ ಸಾಗಿಸಿದರೆ ವಾಂತಿ ಶ್ವಾಸನಾಳಕ್ಕೆ ನುಗ್ಗಿ, ವಿಷಕ್ಕಿಂತ ಮೊದಲೇ ಅದು ಕೊಲ್ಲಬಹುದು. ಪಕ್ಕಕ್ಕೆ ಹೊರಳಿಸಿ ಮಲಗಿಸುವುದು, ಬಾಯಿ ಒರೆಸುವುದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೊರಟವರನ್ನು ತಡೆಯುವುದು, ಔಷಧಿ ಬಿದ್ದ ಬಟ್ಟೆಯನ್ನು ಕೈಗವಸು ಹಾಕಿಕೊಂಡು ತೆಗೆಯುವುದು, ಡಬ್ಬ ಸಿಕ್ಕರೆ ಆಸ್ಪತ್ರೆಗೆ ಒಯ್ಯುವುದು, ಇವಕ್ಕೆ ಡಾಕ್ಟರು ಬೇಕಿಲ್ಲ. ಕಲಿತ ಒಬ್ಬ ಹುಡುಗಿ ಸಾಕು. ಸುಳ್ವಾಡಿಯಂಥದ್ದು ಮತ್ತೆ ಆಗದಿರಲಿ. ಆದರೆ ಸಾಲಕ್ಕೋ ಮನಸ್ತಾಪಕ್ಕೋ ಅದೇ ಡಬ್ಬಕ್ಕೆ ಕೈ ಹಾಕುವ ಒಬ್ಬೊಬ್ಬರು ನಮ್ಮ ಹಳ್ಳಿಗಳಲ್ಲಿ ಈಗಲೂ ಇದ್ದಾರೆ.

ಇನ್ನು ಹುಳ ಮುಟ್ಟಿದಾಗಿನ, ಅಂದರೆ ಹಾವು ಕಚ್ಚಿದಾಗಿನ ಮಾತು. ನಮ್ಮದು ಕಾಡಂಚಿನ ಸೀಮೆ. ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಚ್ಚಿದರೆ ಗಾಯವೂ ಕಾಣುವುದಿಲ್ಲ, ನೋವೂ ಅಷ್ಟಿರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಎನ್ನುತ್ತಾರೆ, ರೆಪ್ಪೆ ಜೋತುಬೀಳುತ್ತದೆ. ಅಷ್ಟರಲ್ಲಿ ಎಷ್ಟೋ ಹೊತ್ತು ಕಳೆದಿರುತ್ತದೆ. ಬಿಗಿಯಾಗಿ ಹಗ್ಗ ಕಟ್ಟಬೇಡಿ, ಬ್ಲೇಡಿನಿಂದ ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕೈಕಾಲು ಅಲುಗದಂತೆ ಬಿದಿರಿನ ದಬ್ಬೆಯಿಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಕರೆದೊಯ್ಯಿರಿ. ಮಂತ್ರ ಹಾಕುವ ಅಜ್ಜನ ಮೇಲೆ ಮನೆಯವರಿಗೆ ನಂಬಿಕೆಯಿದ್ದರೆ ಅವರೊಡನೆ ಜಗಳಕ್ಕೆ ನಿಲ್ಲಬೇಡಿ, ಅಜ್ಜನನ್ನೂ ಗಾಡಿಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಹೊರಡಿ. ನೇಪಾಳದ ದಮಕ್ ಸುತ್ತಿನ ಹಳ್ಳಿಗಳಲ್ಲಿ ಬೈಕಿರುವ ಸ್ವಯಂಸೇವಕರು ಮುಂದೆ ಬಂದು, ಕಚ್ಚಿಸಿಕೊಂಡವರನ್ನು ಸವಾರನಿಗೂ ಹಿಂದೆ ಕೂತವನಿಗೂ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಮುಟ್ಟಿಸತೊಡಗಿದರು, ಹಳ್ಳಿಯವರಿಗೆ ತಿಳಿವಳಿಕೆಯನ್ನೂ ಕೊಟ್ಟರು. ನೂರಕ್ಕೆ ಹತ್ತರಷ್ಟಿದ್ದ ಸಾವು ಒಂದಕ್ಕಿಂತ ಕೆಳಗಿಳಿಯಿತು. ನಿಮ್ಮ ಹತ್ತಿರವೂ ಬೈಕುಗಳಿವೆ ಅಲ್ಲವೇ?

ಸುದ್ದಿ ಮುಟ್ಟಿಸುವುದೂ ಒಂದು ವಿದ್ಯೆ. 108ಕ್ಕೆ ಫೋನು ಮಾಡಿ ‘ಕಾಮಗೆರೆ ಹತ್ತಿರ ಆಕ್ಸಿಡೆಂಟ್, ಬೇಗ ಬನ್ನಿ’ ಎಂದು ಕಿರುಚಿ ಇಟ್ಟರೆ ಆಂಬುಲೆನ್ಸ್ ಎಲ್ಲಿಗೆ ಬರಬೇಕು? ಹನೂರು ಕಡೆಗೋ ಕೊಳ್ಳೇಗಾಲದ ಕಡೆಗೋ, ಯಾವ ತಿರುವು, ಎಷ್ಟು ಜನ, ಉಸಿರಾಡುತ್ತಿದ್ದಾರೋ ಇಲ್ಲವೋ ಹೇಳಿ. ಆ ಕಡೆಯವರು ಇಡುವವರೆಗೆ ನೀವು ಇಡಬೇಡಿ. ಅಡ್ಡರಸ್ತೆಯಾದರೆ ಒಬ್ಬರು ಕ್ರಾಸಿನಲ್ಲಿ ನಿಂತಿರಲಿ. ಯಾರು ಸತ್ತರು, ಎಷ್ಟು ಮಂದಿ ಎಂಬುದನ್ನು ವಾಟ್ಸಾಪಿಗೆ ಹಾಕುವ ಕೆಲಸ ನಿಮ್ಮ ತಂಡದ್ದಲ್ಲ. ಮನೆಯವರಿಗೆ ಆ ಮಾತು ಹಾಗೆ ತಲುಪಬಾರದು.

ಪೊಲೀಸು, ಕೋರ್ಟು ಎಂಬ ಭಯ ಬಿಡಿ. ಗಾಯಾಳುವಿಗೆ ನೆರವಾದವರನ್ನು ಕಾಯುವ ಕಾನೂನನ್ನು ಕರ್ನಾಟಕ 2016ರಲ್ಲೇ ಮಾಡಿತು. 2019ರ ಮೋಟಾರು ವಾಹನ ತಿದ್ದುಪಡಿಯಲ್ಲೂ ಅದೇ ರಕ್ಷಣೆಯಿದೆ. ಹೆಸರು ಹೇಳಿ ಎಂದು ಯಾರೂ ನಿಮ್ಮನ್ನು ಬಲವಂತ ಮಾಡುವಂತಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ನಿಮ್ಮ ಧೈರ್ಯವೇ ನನಗೆ ಭಯ. 2018, 2019ರಲ್ಲಿ ಕಾವೇರಿ ಉಕ್ಕಿ ದಾಸನಪುರ, ಮುಳ್ಳೂರು, ಹಳೇ ಹಂಪಾಪುರಗಳಿಗೆ ನುಗ್ಗಿತು. ಈಜು ಬಲ್ಲೆ ಎಂದು ಅಂಥ ನೀರಿಗೆ ಹಾರಬೇಡಿ. ಮುಳುಗುವವನು ಕಾಪಾಡಲು ಬಂದವನನ್ನೇ ಅಪ್ಪಿ ಹಿಡಿದು ಎಳೆಯುತ್ತಾನೆ. ದಡದಿಂದ ಉದ್ದನೆಯ ಗಳ ಚಾಚಿ, ಹಗ್ಗ ಎಸೆಯಿರಿ, ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆಯಿರಿ. ನಿಮ್ಮಮ್ಮನಿಗೆ ನೀವು ಬೇಕು.

ತರಬೇತಿ ಎಂದರೆ ಅರ್ಧ ದಿನದ ಶಿಬಿರ, ಒಂದು ಫೋಟೊ, ಒಂದು ಪ್ರಮಾಣಪತ್ರ ಎಂದುಕೊಳ್ಳಬೇಡಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದ ಮಿತ್ರ’ ಸ್ವಯಂಸೇವಕರಿಗೆ 12 ದಿನ ಕಲಿಸುತ್ತಾರೆ. ಎದೆಬಡಿತ ನಿಂತವನ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಓದಿ ತಿಳಿದರೆ ಸಾಲದು, ಗೊಂಬೆಯ ಮೇಲೆ ಒತ್ತಿ ಬೆವರಬೇಕು. ಎರಡೇ ನಿಮಿಷಕ್ಕೆ ತೋಳು ಸೋಲುತ್ತದೆ, ಪಕ್ಕದವರು ಕೈ ಬದಲಿಸಬೇಕು. ಕಲಿತದ್ದೂ ಮೂರರಿಂದ ಆರು ತಿಂಗಳಲ್ಲಿ ಕೈ ಬಿಟ್ಟುಹೋಗುತ್ತದೆ, ಗದ್ದೆಗೆ ಇಳಿಯದ ನೇಗಿಲು ತುಕ್ಕು ಹಿಡಿಯುವ ಹಾಗೆ. ಅದಕ್ಕೇ ತಿಂಗಳಿಗೊಮ್ಮೆ ಸೇರಿ. ಕಲಿಸಿಕೊಡಿ ಎಂದು ಆಸ್ಪತ್ರೆಯ ಸಿಸ್ಟರುಗಳನ್ನು, ಅಗ್ನಿಶಾಮಕದವರನ್ನು, ಗೃಹರಕ್ಷಕ ದಳದವರನ್ನು ಕೇಳಿ. ನಾಚಿಕೊಳ್ಳಬೇಡಿ.

ಹೆಣ್ಣುಮಕ್ಕಳನ್ನು ತಂಡದಲ್ಲಿ ಹೆಸರಿಗೆ ಸೇರಿಸಿಕೊಳ್ಳಬೇಡಿ, ಅರ್ಧದಷ್ಟು ಅವರೇ ಇರಲಿ. ದಾರಿಯಲ್ಲೇ ಹೆರಿಗೆ ನೋವು ಬಂದ ಹೆಂಗಸು ಸುತ್ತ ಗಂಡಸರೇ ನಿಂತಿದ್ದರೆ ಬಾಯಿ ಬಿಡುವುದಿಲ್ಲ. ರೋಗಿಯನ್ನು ಎತ್ತಿ ಹೊರುವುದೂ ಕಲಿಯಬೇಕಾದ ವಿದ್ಯೆಯೇ. ಬೆಟ್ಟದ ಮೇಲಿನ ದೊಡ್ಡಾಣೆಯಂಥ ಊರುಗಳಿಂದ ರೋಗಿಗಳನ್ನು ಡೋಲಿಯಲ್ಲಿ ಹೊತ್ತು ತಂದವರಿದ್ದಾರೆ. ಹೊರುವ ಆ ಹದವನ್ನು ಅವರಿಂದಲೇ ಕಲಿಯಿರಿ. ಎರಡು ಗಳ, ಒಂದು ಗಟ್ಟಿ ಕಂಬಳಿ ಇದ್ದರೆ ನಮ್ಮ ಮೈದಾನದಲ್ಲೇ ಅಭ್ಯಾಸ ಮಾಡಬಹುದು.

ಶಿವರಾತ್ರಿಗೆ ಮಾದಪ್ಪನ ಪಾದಯಾತ್ರೆಯವರು ನಮ್ಮ ರಸ್ತೆಗೆ ಇಳಿಯುವುದರೊಳಗೆ ಮೊದಲ ಸುತ್ತಿನ ಕಲಿಕೆ ಮುಗಿದಿರಲಿ. ಎತ್ತಿ ಹೊರುವುದನ್ನು ಕಲಿಯಲು ಒಬ್ಬರು ಬೇಕಾದರೆ ಹೇಳಿಕಳಿಸಿ, ನಾನೇ ಬಂದು ಕಂಬಳಿಯ ಮೇಲೆ ಮಲಗುತ್ತೇನೆ.